ಒಂಬತ್ತು ದಿನದ ಮಾರ್ಗರೆಟ್

ದುಬೈ, ಬುಧವಾರ

ನಿರಂಜನಣ್ಣ,

ಕ್ಷೇಮವೇ ಎಂದು ಕೇಳುವಷ್ಟು ತಾಳ್ಮೆ ಇವತ್ತು ನನಗಿಲ್ಲ. ಇಲ್ಲಿ ಜುಮೇರಾ ಲೇಕ್ ಟವರ್ಸ್‌ನ ನಮ್ಮ ಆಫೀಸಿನಲ್ಲಿ ಗಿರಾಕಿಯೊಬ್ಬರಿಗಾಗಿ ಸ್ಕಾಟ್ಲೆಂಡಿನ ಒಂದು ಅರ್ಲ್, ಅಂದರೆ ಸಾಮಂತರ, ಮನೆತನದ ನಾನೂರು ವರ್ಷದ ವಂಶವೃಕ್ಷವನ್ನು ಟೈಪ್ ಮಾಡುತ್ತಿದ್ದೇನೆ. ಅರ್ಲ್ ಪದವಿ ಹೋಗಿರುವುದು ಗಂಡುಮಕ್ಕಳಿಗೇ. ಆದರೆ ಹೆಸರು ಯಾರದ್ದೂ ಬಿಟ್ಟಿಲ್ಲ. 1712ರಲ್ಲಿ ಹುಟ್ಟಿ ಒಂಬತ್ತೇ ದಿನಕ್ಕೆ ತೀರಿಕೊಂಡ ಮಾರ್ಗರೆಟ್ ಎಂಬ ಹೆಣ್ಣುಕೂಸಿಗೂ ಅದರಲ್ಲಿ ಒಂದು ಚೌಕವಿದೆ.

ಪಕ್ಕದ ಸೀಟಿನ ಉಡುಪಿಯ ಸುಮೀನಾ ಅದನ್ನು ನೋಡಿ, "ನಿಮ್ಮಲ್ಲಿ ಕೂಡ ಹೀಗೆ ಎಲ್ಲರದ್ದೂ ಬರೀತಾರಾ ಮಾರಾಯ್ತಿ?" ಎಂದಳು. ಹೌದು ಎಂದೆ. ನಿನ್ನ ದೆಸೆಯಿಂದ ಸುಳ್ಳು ಹೇಳಿದೆ.

ಅಪ್ಪ ಹೋದ ಮೇಲೆ ಜಮೀನನ್ನು ವಾರಸುದಾರರ ಹೆಸರಿಗೆ ಮಾಡಿಸುವ ಪೌತಿ ಖಾತೆಗೆಂದು ನೀನು ನಾಡಕಚೇರಿಗೆ ಕೊಟ್ಟ ವಂಶವೃಕ್ಷವನ್ನು ಅಕ್ಕ ನನ್ನ ಫೋನಿಗೆ ಕಳಿಸಿದ್ದಾಳೆ. ಅಪ್ಪನ ಕೆಳಗೆ ನೀನೊಬ್ಬನೇ! ಅಕ್ಕನೂ ಇಲ್ಲ, ನಾನೂ ಇಲ್ಲ. ಅವಳು ಕೇಳಿದ್ದಕ್ಕೆ, "ಮದ್ವೆ ಆಗಿ ಹೋದೋರ ಹೆಸ್ರು ಯಾಕಕ್ಕಾ?" ಅಂದೆಯಂತೆ. ನಾವು ಮದುವೆಯಾಗಿ ಹೋದೆವು, ಸತ್ತುಹೋಗಲಿಲ್ಲ. ಅಲ್ಲಿ ಸತ್ತ ಕೂಸಿಗೂ ಜಾಗವಿದೆ, ಇಲ್ಲಿ ಬದುಕಿರುವ ನಮಗಿಲ್ಲ. ಈ ವಾರವೇ ಹೋಗಿ ತಿದ್ದಿಸು.

ನನ್ನ ಬೆನ್ನುನೋವು ಈಗ ಪರವಾಗಿಲ್ಲ. ಅಮ್ಮನ ಕಣ್ಣಿಗೆ ಡ್ರಾಪ್ಸ್ ಹಾಕುವುದನ್ನು ಮರೆಯಬೇಡ.

ಫೋನಿರುವಾಗ ಈ ಪೋಸ್ಟ್‌ಕಾರ್ಡ್ ಯಾಕೆ ಎಂದು ಕೇಳಬೇಡ. ನಮ್ಮೂರ ಪೋಸ್ಟ್‌ಮ್ಯಾನ್ ಯಾವ ಕಾರ್ಡನ್ನೂ ಓದದೆ ಕೊಡುವವನಲ್ಲ. ಓದಲಿ, ಅಂಗಡಿ ಮುಂದೆ ನಿಂತು ಗಟ್ಟಿಯಾಗಿಯೇ ಓದಲಿ. ಜಾಗ ಮುಗಿಯಿತು.

ಇಂತಿ,
ಶಾಮಸುಂದರಯ್ಯನವರ ಕಿರಿಮಗಳು
ಗಾನವಿ