ಲಹರಿಯ ಹೆಸರು ಬಿಟ್ಟುಹೋದ ಸಾಲು

ಜುಲೈ ೯, ಬುಧವಾರ

ಸಿದ್ಧಾರ್ಥನಗರದ ಪೈಥಾನ್ ಕೋಡಿಂಗ್ ಕ್ಲಾಸಿನ ಮೊದಲ ಅಸೈನ್‌ಮೆಂಟ್. ಪಟ್ಟಿಯಲ್ಲಿರೋ ಹೆಸರುಗಳನ್ನು, ನಡುವೆ ಕಾಮಾ ಹಾಕಿ, ಒಂದೇ ಸಾಲಾಗಿ ತೋರಿಸಬೇಕು. ಮನೆಯವರ ಹೆಸರುಗಳನ್ನೇ ಕೊಟ್ಟೆ, ಕೊನೆಯಲ್ಲಿ ಮಗಳದ್ದು. ಸಾಲಿನ ತುದಿಯಲ್ಲಿ ಒಂದು ಕಾಮಾ ಹೆಚ್ಚಾಗಿ ಉಳಿಯುತ್ತಿತ್ತು. ಏನೋ ತಿದ್ದಿದೆ, ಹೋಯಿತು. ಎಷ್ಟು ಖುಷಿಯಾಯಿತು!

ಲಹರಿ ಈಗಷ್ಟೇ ಓದಲು ಕಲಿತವಳು. ಬೆರಳಿಟ್ಟು ಓದಿದಳು: "ಅಜ್ಜಿ ಇದಾರೆ, ಅಪ್ಪ ಇದಾರೆ, ನೀನಿದೀಯ. ನಾನೆಲ್ಲಮ್ಮ?"

"ಸ್ಕ್ರೀನ್ ಮುಟ್ಬೇಡ, ಹೋಗೇ ಆಚೆ," ಅಂತ ಗದರಿಬುಟ್ಟೆ.

ಕಳಿಸಿಯಾದ ಮೇಲೆ ಗೊತ್ತಾಯಿತು, ಕಾಮಾ ತೆಗೆಯಲು ಹೋಗಿ ಕೊನೆಯ ಹೆಸರನ್ನೇ ಬಿಟ್ಟಿದ್ದೆ. ಮಾರ್ಕ್ಸ್ ಹೋದರೆ ಹೋಗಲಿ. ಅವಳು ಅಳಲೂ ಇಲ್ಲ. "ಅಮ್ಮ ನನ್ನನ್ನ ಬರೆದೇ ಇಲ್ಲ ಅಜ್ಜಿ," ಅಂದು ಮಲಗಿದಳಂತೆ, ಅತ್ತೆ ಹೇಳಿದರು.

ಪಟ್ಟಿಯಲ್ಲಿ ಬರೆದಿದ್ದೆ ಕಣೇ ಪುಟ್ಟಿ. ನೀನು ಕೇಳಿದಾಗ ಒಂದೇ ಒಂದು ಸಲ ತಿರುಗಿ ನೋಡಿದ್ದಿದ್ದರೆ...