ನಿಮ್ಮ ಮನೆಯಲ್ಲಿ ಇಳಿಯದಿದ್ದುದಕ್ಕೆ

ಹಿಂದೂಪುರ, ಶನಿವಾರ

ರಾಮಾಂಜಿನಮ್ಮನವರಿಗೆ ಕಲ್ಯಾಣದುರ್ಗದ ಮಲ್ಲೇಶ್ವರಿಯ ನಮಸ್ಕಾರ.

ಇವತ್ತು ಶನಿವಾರದ ಉಪವಾಸ. ಬೆಳಿಗ್ಗೆ ಎದ್ದು ಸ್ನಾನ ಮಾಡಿ, ರೂಮು ಗುಡಿಸಿ, ಬಾಗಿಲಿಗೆ ರಂಗೋಲಿ ಇಟ್ಟೆ. ಕೌಂಟರಿನ ಹುಡುಗಿ ಓಡಿ ಬಂದು, "ನೀವೇ ಗುಡಿಸ್ಬುಟ್ರೆ ನಮ್ ಕೆಲ್ಸ ಹೋಯ್ತದೆ ಕಣಮ್ಮ!" ಅಂದಳು. ಹೊಸ ಬಡಾವಣೆಯ ಈ ಹೋಟೆಲಿನಲ್ಲಿ ರೂಮು ಗೂಡಿನಷ್ಟೇ, ಆದರೂ ಬಲು ಅಂದ. ಸ್ನಾನದ ಮನೆಯ ಗೋಡೆ ಮಾತ್ರ ಗಾಜಿನದು. ಸೀರೆ ಕಟ್ಟಿ ಮರೆ ಮಾಡಿದ್ದೇನೆ.

ನನ್ನ ಮಗ ಅಂಬರೀಶನಿಗೆ ಹೆಣ್ಣು ನೋಡಲು ಬಂದವಳು ನಿಮ್ಮ ಮನೆ ಬಿಟ್ಟು ಇಲ್ಲಿ ಇಳಿದೆನೆಂದು ನಿಮಗೆ ಬೇಸರ. ಸಂಬಂಧ ಕೂಡುವ ಮುಂಚೆ ಹೆಣ್ಣಿನ ಮನೆಯಲ್ಲಿ ಉಣ್ಣಬಾರದೆಂದು ನಮ್ಮ ಹಿರಿಯರ ಕಟ್ಟು. ಉಪ್ಪು ತಿಂದ ಮೇಲೆ ಬೇಡ ಅನ್ನಲು ಯಾರಿಗೂ ಬಾಯಿ ಬಾರದು.

ನಿನ್ನೆ ನಿಮ್ಮ ಮಗಳು ಸುಷ್ಮಾ ಎಲ್ಲರೆದುರು, "ಮದ್ವೆ ಆದ್ಮೇಲೂ ಪೆನುಕೊಂಡದ ಕಾರ್ ಫ್ಯಾಕ್ಟ್ರಿ ಕೆಲ್ಸ ಬಿಡಾಕಿಲ್ಲ. ಒಪ್ತೀರಾ ಅತ್ತಮ್ಮಾ?" ಎಂದಳು. ನೀವು ಗದರಿಸಿ ಒಳಗೆ ಕಳಿಸಿದಿರಿ. ಬೈಯಬೇಡಿ. ಅವಳು ಕೇಳಿದ್ದು ನನ್ನನ್ನು, ಹೇಳುವುದೂ ಅವಳಿಗೇ.

ಒಂದು ಮೊಳ ಮಲ್ಲಿಗೆ ತಂದು ಒದ್ದೆ ಬಟ್ಟೆಯಲ್ಲಿ ಸುತ್ತಿಟ್ಟಿದ್ದೇನೆ. ನನ್ನ ಉತ್ತರ ಒಯ್ಯಲು ಬೇರೆ ಯಾರೂ ಬೇಡ, ಸುಷ್ಮಾಳನ್ನೇ ಕಳಿಸಿ. ಜಡೆ ಹೆಣೆದುಕೊಂಡು ಬರಲಿ.

ಇಂತಿ,
ಮಲ್ಲೇಶ್ವರಿ