ನೋ ಸಾಹೇಬನಿಗೆ ಕೊಟ್ಟ ವಿಳಾಸ

ಮಾರ್ಚ್ 6, 2023. ಬೆಳಿಗ್ಗೆ 8

ವಾಕಿಂಗ್ ಮುಗಿಯಿತು. ಶುಗರ್ 142. ಹೆಂಡತಿ ಊರ್ಮಿಳೆಯ ಕಾಫಿಗೆ ಉಪ್ಪು ಹಾಕಿದ್ದೆ. ಉಗಿದಳು — ಮೊದಲು ಕಾಫಿಯನ್ನು, ಆಮೇಲೆ ನನ್ನನ್ನು. ದಿನ ಚೆನ್ನಾಗಿ ಶುರುವಾಯಿತು.

ಎದುರು ಮನೆಯ ಕೊರಿಯದ ಮುದುಕ ಬಂದ. ಹೆಸರು ನೋ. ಅಮೆರಿಕದ ಈ ಜಾನ್ಸ್ ಕ್ರೀಕ್‌ಗೆ ಬಂದು ಎರಡು ವರ್ಷ. ಅವನ ಹೆಂಡತಿ ಸುನ್‌ಜಾಗೆ ವಾರದಿಂದ ತಲೆಸುತ್ತು. ದೊಡ್ಡ ಆಸ್ಪತ್ರೆ ಹತ್ತೇ ನಿಮಿಷ. ಆದರೆ ಕೊರಿಯನ್ ಇಂಟರ್ಪ್ರೆಟರ್ ಬೇಕೆಂದರೆ ಆರು ವಾರ ಕಾಯಬೇಕಂತೆ. ಹೋದ ಸಲ ಟ್ಯಾಬ್ಲೆಟ್‌ನಲ್ಲಿ ಒಬ್ಬಳು ಅನುವಾದ ಮಾಡುತ್ತಿದ್ದಳಂತೆ, ಅರ್ಧಕ್ಕೇ ಕಟ್.

"ವೇಣು, ಯು ಕಂಪ್ಯೂಟರ್ ಮ್ಯಾನ್. ಯು ಫೈಂಡ್ ಕೊರಿಯನ್ ಡಾಕ್ಟರ್. ಪ್ಲೀಸ್."

ನೋ ಮನೆಗೆ ನೋವು. ನೋಡೋಣ.

ಮಾರ್ಚ್ 7

ಹುಡುಕಿದೆ. ಇಬ್ಬರು ಡಾಕ್ಟರು ಹೊಸ ಪೇಷೆಂಟ್‌ಗಳನ್ನು ತೆಗೆದುಕೊಳ್ಳುವುದಿಲ್ಲ. ಇನ್ನೊಬ್ಬರು ಸತ್ತಿದ್ದಾರೆ, ವೆಬ್‌ಸೈಟ್ ಬದುಕಿದೆ. ನಾಲ್ಕನೆಯವರು ಡಾಕ್ಟರ್ ಮೂನ್. ಕೊರಿಯನ್ ಬರುತ್ತದೆ, ಅಪಾಯಿಂಟ್‌ಮೆಂಟ್ ಬೇಡ. ಪೇಷೆಂಟ್‌ಗಳೆಲ್ಲ ನಾಲ್ಕು ಕಾಲಿನವರು! ನಾಯಿ-ಬೆಕ್ಕಿನ ಡಾಕ್ಟರ್. ನಲವತ್ತು ನಿಮಿಷದ ದಾರಿ.

ಆ ವಿಳಾಸವನ್ನೇ ದಪ್ಪ ಅಕ್ಷರದಲ್ಲಿ ಬರೆದು ಕೊಟ್ಟೆ. ಅಷ್ಟು ದೂರ ಹೋಗಿ ಬೋರ್ಡ್ ನೋಡಿದಾಗ ಅವನ ಮುಖ...

ಎರಡು ಸಲ ಬಾಗಿ ನಮಸ್ಕಾರ ಮಾಡಿದ. ನಗು ತಡೆದುಕೊಳ್ಳುವುದೇ ಕಷ್ಟವಾಯಿತು.

ಮಾರ್ಚ್ 12

ಇನ್ನೂ ಹೋಗಿಲ್ಲ. ತಲೆಸುತ್ತು ಕಡಿಮೆಯಂತೆ. ಚೀಟಿಯನ್ನು ಫ್ರಿಜ್ ಮೇಲೆ ಅಂಟಿಸಿದ್ದಾನೆ.

"ಎಮರ್ಜೆನ್ಸಿ, ವಿ ಗೋ" ಅಂದ.

ಹೇಳಿಬಿಡೋಣ ಅನ್ನಿಸಿತು. ಹೇಳಿದರೆ ಮಜಾ ಹಾಳು. ಇನ್ನೊಂದು ವಾರ.

ಏಪ್ರಿಲ್ 4. ಮಧ್ಯಾಹ್ನ 3

ಬೆಳಿಗ್ಗೆ ಸುನ್‌ಜಾಳ ಬಾಯಿ ಸೊಟ್ಟಗಾಯಿತಂತೆ. ಬಲಗೈ ಏಳಲಿಲ್ಲ. ಸ್ಟ್ರೋಕ್. ನೋ ಕಾರಿನಲ್ಲಿ ಕೂರಿಸಿಕೊಂಡು ದೊಡ್ಡ ಆಸ್ಪತ್ರೆಯ ಮುಂದೆಯೇ ಹಾದುಹೋದ. ನಿಲ್ಲಿಸಲಿಲ್ಲ. ಚೀಟಿ ಇತ್ತಲ್ಲ.

ಬೋರ್ಡ್ ಓದಿದನಂತೆ. ಆದರೂ ಒಳಗೆ ಹೋದ — ಆಕೆಗೆ ಆಗಲೇ ಕತ್ತು ನಿಲ್ಲುತ್ತಿರಲಿಲ್ಲ. ಡಾಕ್ಟರ್ ಮೂನ್ ಓಡಿಬಂದು ಆಂಬುಲೆನ್ಸ್ ಕರೆಸಿದರು. ಅದು ಬರುವವರೆಗೆ ಬೆಂಚಿನ ಮೇಲೆ ಈ ಕಡೆ ಸುನ್‌ಜಾ, ಆ ಕಡೆ ಬ್ಯಾಂಡೇಜ್ ಹಾಕಿದ ನಾಯಿ. ನೋ ಫೋನಿನಲ್ಲಿ ಅಳುತ್ತಾ ಹೇಳಿದ.

ನಗು ಬಂತು. ಬಾತ್‌ರೂಮಿಗೆ ಹೋಗಿ ನಲ್ಲಿ ಬಿಟ್ಟೆ.

ಏಪ್ರಿಲ್ 5

ಹೋದದ್ದು ತಡವಾಯಿತು ಎಂದರಂತೆ ಡಾಕ್ಟರುಗಳು.

ಹಾಸ್ಯ ಹಾಸಿಗೆ ಹಿಡಿಯಿತು — ಎಂದು ಬರೆದೆ. ಹೊಡೆದುಹಾಕಿದೆ. ಮತ್ತೆ ಓದಿದೆ. ಚೆನ್ನಾಗಿಯೇ ಇದೆ.

ಏಪ್ರಿಲ್ 19

ಆಕೆಯನ್ನು ಮನೆಗೆ ತಂದಿದ್ದಾರೆ. ಮಾತಿಲ್ಲ. ಬಲಗಡೆ ಪೂರ್ತಿ ಸ್ವಾಧೀನ ಇಲ್ಲ. ಮಗಳು ಗ್ರೇಸ್ ಷಾರ್ಲೆಟ್ ನಗರದಿಂದ ಬಂದಿದ್ದಾಳೆ. ಅಪ್ಪನ ಜೊತೆ ನಮ್ಮ ಬಾಗಿಲಿಗೆ ಬಂದಳು, ಕೈಯಲ್ಲಿ ಚೀಟಿ.

"ಈಸ್ ದಿಸ್ ಯುವರ್ ಹ್ಯಾಂಡ್‌ರೈಟಿಂಗ್, ಸರ್?"

ಇಂಟರ್ನೆಟ್ ತಪ್ಪು ತೋರಿಸಿತು ಎಂದೆ. ನಾಲಿಗೆ ತಡವರಿಸಲೂ ಇಲ್ಲ.

ನೋ ನನ್ನ ಭುಜ ತಟ್ಟಿದ. "ಯು ಓಲ್ಡ್. ಮೀ ಓಲ್ಡ್. ನೋ ಪ್ರಾಬ್ಲಮ್."

ಅವರು ಹೋದ ಮೇಲೆ ಊರ್ಮಿಳೆ ಲ್ಯಾಪ್‌ಟಾಪ್ ತೆಗೆದು ಆ ವೆಬ್‌ಸೈಟ್ ನೋಡಿದಳು.

"ರೀ, ಮೊದಲನೇ ಪೇಜಲ್ಲೇ ನಾಯಿ ಇದೆಯಲ್ರೀ. ನಿಮಗೆ ಕಾಣಲಿಲ್ವಾ?"

"ಕಾಣ್ತು."

"ಕಂಡೂ ಕೊಟ್ರಾ?"

"ತಮಾಷೆಗೆ ಕಣೇ."

ಲ್ಯಾಪ್‌ಟಾಪ್ ಮುಚ್ಚಿದಳು.

"ಹೋಗಿ ಹೇಳಿ. ದಾರೀಲಿ ಆಸ್ಪತ್ರೆ ಇತ್ತು, ನಾನೇ ನಿಲ್ಲಿಸಲಿಲ್ಲ, ನಾನೇ ಹಾಳ್ಮಾಡ್ದೆ ಅಂತ ಅವರು ದಿನಾ ತಲೆ ಚಚ್ಕೋತಿದ್ದಾರಂತೆ. ಗ್ರೇಸ್ ಹೇಳಿದ್ಳು."

"ಹೇಳಿದ್ರೆ ಆಕೆಗೆ ಮಾತು ವಾಪಸ್ ಬರತ್ತಾ?"

"ಆಕೆಗೆ ಬರಲ್ಲ. ಅವರು ಬದುಕ್ಕೋತಾರೆ."

"ನಾನು?"

"ನಿಮ್ಮ ಮಾತು ಈಗ್ಯಾಕೆ?"

ಏಪ್ರಿಲ್ 22. ಸಂಜೆ 5

ಮೂರು ದಿನ ಹೋಗಲಿಲ್ಲ. ವಾಕಿಂಗಿಗೂ ಹಿಂದಿನ ಗೇಟಿನಿಂದ. ಊರ್ಮಿಳೆ ನನ್ನ ಜೊತೆ ಮಾತು ಬಿಟ್ಟಿದ್ದಳು. ಈಗ ಶೂ ಹಾಕಿಕೊಂಡಳು.

"ಎಲ್ಲಿಗೆ?"

"ನೀವ್ ಹೇಳಲ್ಲ. ನಾನ್ ಹೇಳ್ತೀನಿ."

ತಡೆಯಬಹುದಿತ್ತು. ಬಾಗಿಲಿಗೆ ಅಡ್ಡ ನಿಂತು ಕೋತಿಯ ಹಾಗೆ ಕುಣಿದೆ. ನಲವತ್ತೊಂಬತ್ತು ವರ್ಷ ನಗಿಸಿದ ಕುಣಿತ. ಪಕ್ಕಕ್ಕೆ ಸರಿಸಿ ಹೋದಳು.

ಕಿಟಕಿಯ ಪಕ್ಕ ಕೂತು ಬರೆಯುತ್ತಿದ್ದೇನೆ. ರಸ್ತೆ ದಾಟಿದಳು. ಬೆಲ್ ಒತ್ತಿದಳು. ನೋ ಬಂದ. ಏಪ್ರನ್ ಹಾಕಿದ್ದಾನೆ, ಕೈಯಲ್ಲಿ ಗಂಜಿಯ ಬಟ್ಟಲು. ಊರ್ಮಿಳೆ ಮಾತಾಡುತ್ತಿದ್ದಾಳೆ. ಅವನು ತಲೆ ಆಡಿಸುತ್ತಿದ್ದಾನೆ, ನಗುಮುಖದಲ್ಲೇ. ಇನ್ನೂ ಅರ್ಥವಾಗಿಲ್ಲ. ಅವಳು ನಮ್ಮ ಮನೆ ಕಡೆ ಕೈ ತೋರಿಸಿದಳು. ಬಟ್ಟಲನ್ನು ಮೆಟ್ಟಿಲ ಮೇಲಿಟ್ಟ. ನಿಧಾನಕ್ಕೆ. ಈಗ ಈ ಕಿಟಕಿಯನ್ನೇ ನೋಡುತ್ತಿದ್ದಾನೆ.